ಕಂಬಳಿಯ ಆಚೆ, ಕಂಬಳಿಯ ಈಚೆ

ನಮಸ್ಕಾರ. ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆಯೊಂದರಲ್ಲಿ ಕುಳಿತು ಈ ಸಂಚಿಕೆಯನ್ನು ಧ್ವನಿಮುದ್ರಿಸುತ್ತಿರುವುದರಿಂದ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದೂ ನನ್ನ ಮಾತಿನ ಜೊತೆಗೇ ಬರುತ್ತದೆ. ಮೊನ್ನೆ ಎರಡು ದಿನ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಇನ್ವರ್ಟರ್‌ನಲ್ಲಿ ಉಳಿದಿದ್ದ ಅಷ್ಟಿಷ್ಟು ಶಕ್ತಿಯನ್ನು ಫ್ರಿಜ್ಜಿಗೆ ಕೊಡದೆ 1934ರ ಒಂದು ಕಪ್ಪು-ಬಿಳುಪು ಚಿತ್ರಕ್ಕೆ ಕೊಟ್ಟೆ. ಮನೆಯಲ್ಲಿ ಇದಕ್ಕೆ ಆಕ್ಷೇಪ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ.

ಚಿತ್ರದ ಹೆಸರು ‘ಇಟ್ ಹ್ಯಾಪನ್ಡ್ ಒನ್ ನೈಟ್’. ಫ್ರಾಂಕ್ ಕಾಪ್ರಾ ನಿರ್ದೇಶಿಸಿ, ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬೆರ್ ನಟಿಸಿದ ಈ ಚಿತ್ರ, ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಎಂಬ ಐದು ಆಸ್ಕರ್‌ಗಳನ್ನೂ ಒಟ್ಟಿಗೆ ಗೆದ್ದ ಮೊದಲ ಚಿತ್ರ. ಅಪ್ಪನ ಕಣ್ಣು ತಪ್ಪಿಸಿ ಮಯಾಮಿಯಿಂದ ನ್ಯೂಯಾರ್ಕಿನ ಕಡೆಗೆ ರಾತ್ರಿ ಬಸ್ಸು ಹತ್ತಿದ ಸಿರಿವಂತರ ಮಗಳು ಎಲ್ಲೀ ಎಂಬಾಕೆ, ಕೆಲಸ ಕಳೆದುಕೊಂಡ ಪತ್ರಕರ್ತ ಪೀಟರ್, ದಾರಿಯುದ್ದಕ್ಕೂ ಜಗಳ: ಕಥೆ ಇಷ್ಟೇ. ಮಳೆಗೆ ಸೇತುವೆ ಕೊಚ್ಚಿಹೋಗಿ ಬಸ್ಸು ನಿಂತಾಗ ಇಬ್ಬರೂ ಒಂದೇ ಕೋಣೆಯಲ್ಲಿ ಉಳಿಯಬೇಕಾಗುತ್ತದೆ. ಎರಡು ಮಂಚಗಳ ನಡುವೆ ಆತ ಹಗ್ಗ ಕಟ್ಟಿ ಕಂಬಳಿ ಹೊದಿಸುತ್ತಾನೆ, ಅದಕ್ಕೆ ಜೆರಿಕೋದ ಗೋಡೆ ಎಂದು ಹೆಸರಿಡುತ್ತಾನೆ; ಬೈಬಲ್ಲಿನ ಕಥೆಯಲ್ಲಿ ತುತ್ತೂರಿಗಳ ಸದ್ದಿಗೆ ಕುಸಿದುಬಿದ್ದ ಕೋಟೆಗೋಡೆ ಅದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಜರಿದು ಸಂಪಾಜೆಯ ಹೆದ್ದಾರಿಯೇ ಮುಚ್ಚಿಹೋದುದನ್ನು ಕಂಡ ನಮ್ಮವರಿಗೆ, ದಾರಿ ಕಡಿದುಹೋದಾಗ ಗುರುತಿಲ್ಲದವರ ಪಕ್ಕದಲ್ಲಿ ರಾತ್ರಿ ಕಳೆಯುವುದೆಂದರೇನೆಂದು ವಿವರಿಸಬೇಕಾಗಿಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಚಿತ್ರದ ನಗು ಮಾತಿನಲ್ಲಿದೆ, ಪ್ರೀತಿ ಕತ್ತಲಿನಲ್ಲಿದೆ. ನಾವು ನೋಡುವ ಚಿತ್ರದ ಪ್ರತಿ ಕೆಟ್ಟದಾಗಿದ್ದರೆ ನಗು ಹೇಗೋ ಬದುಕಿಕೊಳ್ಳುತ್ತದೆ, ಪ್ರೀತಿ ಬದುಕುವುದಿಲ್ಲ.

ನಾನಿದನ್ನು ಮೊದಲು ನೋಡಿದ್ದು ಪರಿಚಯದವರೊಬ್ಬರು ಕೊಟ್ಟ ವಿಸಿಡಿಯಲ್ಲಿ. ವಿಸಿಡಿಯ ಚಿತ್ರದಲ್ಲಿ ಎತ್ತರಕ್ಕೆ 288 ಸಾಲುಗಳಷ್ಟೇ ಇರುತ್ತವೆ, ಒಂದು ತಟ್ಟೆಯಲ್ಲಿ ಹಿಡಿಸುವುದು ಸುಮಾರು 74 ನಿಮಿಷ. 105 ನಿಮಿಷದ ಈ ಚಿತ್ರವನ್ನು ನೋಡುತ್ತ ನಡುವೆ ಎದ್ದು ತಟ್ಟೆ ಬದಲಿಸಬೇಕಿತ್ತು. ಅದನ್ನಾದರೂ ಸಹಿಸಬಹುದು. ಹೆಬ್ಬೆರಳು ತೋರಿಸಿದರೆ ಗಾಡಿ ಹೇಗೆ ನಿಲ್ಲುತ್ತದೆಂದು ಆತ ಉಪನ್ಯಾಸ ಕೊಟ್ಟು ಸೋತಮೇಲೆ, ಆಕೆ ಲಂಗವನ್ನು ಕೊಂಚ ಎತ್ತಿ ಕಾರು ನಿಲ್ಲಿಸುವ ದೃಶ್ಯಕ್ಕೆ ಆಗಲೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಆದರೆ ಆತ ಆಕೆಯನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವಾಗ ತೆರೆಯ ಮೇಲೆ ಇದ್ದದ್ದು ಬೂದುಬಣ್ಣದ ಚೌಕಗಳ ರಾಶಿ ಮಾತ್ರ. ಇವರಿಗೆ ಪ್ರೀತಿ ಯಾವಾಗ ಹುಟ್ಟಿತೆಂದು ಆ ದಿನ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ.

ಛಾಯಾಗ್ರಾಹಕ ಜೋಸೆಫ್ ವಾಕರ್ ಅದನ್ನು ಬೆಳಕಿನಲ್ಲಿ ಬರೆದಿಟ್ಟಿದ್ದರು. ಹೆಸರಾಂತ ಚಿತ್ರಗಳನ್ನು ತಟ್ಟೆಗಳಲ್ಲಿ ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2014ರಲ್ಲಿ, 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿದ ಪ್ರತಿಯಿಂದ ಹೊರತಂದ ಬ್ಲೂ-ರೇಯಲ್ಲಿ ಅದೇ ಹೊಳೆ ಬೆಳದಿಂಗಳಿಗೆ ಮಿನುಗುತ್ತದೆ. ಮಳೆ ಸುರಿಯುವ ಕಿಟಕಿಯ ಬೆಳಕು ಎಲ್ಲೀಯ ಮುಖದ ಅಂಚನ್ನಷ್ಟೇ ಮುಟ್ಟುತ್ತದೆ. ಕಂಬಳಿಯ ಆಚೆ ಕಣ್ಣು ತೆರೆದುಕೊಂಡು ಮಲಗಿದವಳು ಏನನ್ನು ಯೋಚಿಸುತ್ತಿದ್ದಾಳೆಂಬುದು ಒಂದು ಮಾತೂ ಇಲ್ಲದೆ ಅರ್ಥವಾಗುತ್ತದೆ. ಇದೇ ಕಥೆಯ ಎಳೆ ಹಿಂದಿಯಲ್ಲಿ 1956ರ ‘ಚೋರಿ ಚೋರಿ’ಯಾಗಿ ಬಂದಾಗ ಆ ಮೌನದ ಜಾಗವನ್ನು ಹಾಡುಗಳು ತುಂಬಿದವು. ಹಾಡುಗಳು ಸೊಗಸಾಗಿಯೇ ಇವೆ, ಆದರೆ ಅದು ಬೇರೆಯೇ ಬಗೆಯ ಸುಖ.

ತೊಡಕುಗಳೂ ಇವೆ. ಬ್ಲೂ-ರೇ ತಟ್ಟೆಗಳು ಯಾವ ದೇಶಗಳ ಪ್ಲೇಯರ್‌ಗಳಲ್ಲಿ ಓಡಬೇಕೆಂದು ವಲಯಗಳಾಗಿ ಹಂಚಿರುತ್ತಾರೆ. ಅಮೆರಿಕದ ಆ ತಟ್ಟೆ ‘ಎ’ ವಲಯದ್ದು, ಭಾರತ ‘ಸಿ’ ವಲಯದಲ್ಲಿದೆ. ಆದ್ದರಿಂದ ಎಲ್ಲ ವಲಯಗಳ ತಟ್ಟೆಯನ್ನೂ ಓದುವ ಪ್ಲೇಯರ್ ಬೇಕು. ಬೆಲೆಯೂ ಕಡಿಮೆಯಲ್ಲ. ಇನ್ನು ನಮ್ಮ ಮಳೆಗಾಲದಲ್ಲಿ ತಟ್ಟೆಗೆ ಬೂಸಲು ಹಿಡಿಯದಂತೆ ಅಕ್ಕಿ ಡಬ್ಬಿಯ ಪಕ್ಕದ ಒಣ ಕಪಾಟಿನಲ್ಲಿಟ್ಟು ಕಾಯಬೇಕು. ಇಷ್ಟೆಲ್ಲ ಆದಮೇಲೂ ಯಾರಾದರೂ ಬಂದು, ಬದಿಯ ಕಪ್ಪು ಪಟ್ಟಿಗಳನ್ನು ಕಂಡು, ರಿಮೋಟಿನಿಂದ ಚಿತ್ರವನ್ನು ತೆರೆಯ ಅಗಲಕ್ಕೆ ಎಳೆದು ಗೇಬಲ್‌ನ ಮುಖವನ್ನು ಹಲಸಿನಕಾಯಿಯಂತೆ ಮಾಡಿಬಿಡುತ್ತಾರೆ. ಆ ಕಾಲದ ಚಿತ್ರದ ಆಕಾರವೇ ಹೆಚ್ಚುಕಡಿಮೆ ಚೌಕ, ಆ ಪಟ್ಟಿಗಳು ಅಲ್ಲಿರಬೇಕಾದವೇ ಎಂದು ನಮ್ಮ ಮನೆಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಕೊನೆಯ ದೃಶ್ಯದಲ್ಲಿ ನಾಯಕ ನಾಯಕಿಯರ ಮುಖವನ್ನು ಕಾಪ್ರಾ ತೋರಿಸುವುದೇ ಇಲ್ಲ. ಒಂದು ಆಟಿಕೆಯ ತುತ್ತೂರಿ ಊದಿದ ಸದ್ದು, ನೆಲಕ್ಕೆ ಜಾರುವ ಕಂಬಳಿ, ಆರಿದ ದೀಪ, ಅಷ್ಟೇ. ಆ ಕತ್ತಲು ಕತ್ತಲಾಗಿಯೇ ಕಾಣಬೇಕು, ಮಾಸಿದ ಬೂದಿಯಂತೆ ಅಲ್ಲ. ಮೊನ್ನೆ ಹಗಲು ಹೊತ್ತಿನಲ್ಲಿ ನೋಡಬೇಕಾಗಿ ಬಂದುದರಿಂದ, ಕಿಟಕಿಯ ಬೆಳಕು ಟಿವಿಯ ಮೇಲೆ ಬೀಳದಂತೆ ಸರಳುಗಳಿಗೆ ಹಗ್ಗ ಬಿಗಿದು ಅಜ್ಜನ ಕಾಲದ ಕರಿ ಕಂಬಳಿಯೊಂದನ್ನು ಇಳಿಬಿಟ್ಟೆ. ಅದಿನ್ನೂ ಅಲ್ಲೇ ತೂಗುತ್ತಿದೆ, ಇಳಿಸೆಂದು ಒಳಗಿನಿಂದ ಎರಡು ಸಲ ಕೂಗು ಬಂದಾಗಿದೆ.