63ನೇ ವಯಸ್ಸಿನಲ್ಲಿ 21 ಕಿಲೋಮೀಟರ್: ಈ ಸಲ ಟ್ಯಾಲಿ ಆಗಲಿಲ್ಲ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ನನ್ನ ಕಾಲು. ಭಾನುವಾರ ಬೆಳಗಿನ ಜಾವ ಮೂರು ಮುಕ್ಕಾಲು ಗಂಟೆ. ಬೆರಳುಗಳ ಸಂದಿಗೆ ವ್ಯಾಸಲೀನ್ ಹಚ್ಚುತ್ತಿದ್ದೇನೆ. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟಿದ್ದೆ, ಅದಕ್ಕೇ ಚಿತ್ರ ಸೊಟ್ಟಗಿದೆ. ಮಾತು ಮಾತ್ರ ಇವತ್ತು ಬುಧವಾರ, ಅಡುಗೆಮನೆ ಪಕ್ಕದ ರೂಮಿನಲ್ಲಿ ಕೂತು ಸೇರಿಸುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಹೊಸಬರಿಗೆ ಒಂದೆರಡು ಮಾತು. ಊರು ಮೈಸೂರು. 34 ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದನ್ನು ಗಮನಿಸಿ, ಅದೇ ಕಾಯಿಲೆಯ ಮೂಲ. 57ಕ್ಕೆ ಶುಗರ್ ಬಾರ್ಡರಿಗೆ ಬಂತು, ಡಾಕ್ಟರು ದಿನಾ ನಡೀರಿ ಅಂದರು, ಕುಕ್ಕರಹಳ್ಳಿ ಕೆರೆ ಸುತ್ತ ನಡೆಯಲು ಶುರು ಮಾಡಿದೆ. ಒಂದು ದಿನ ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಎರಡು ಬೆಂಚಿನ ನಡುವಿನಷ್ಟು ದೂರ ಓಡಿದೆ. ಆಮೇಲೆ ಹತ್ತು ನಿಮಿಷ ಆ ಎರಡನೇ ಬೆಂಚಿನ ಮೇಲೇ ಕೂತಿದ್ದೆ. ಓಟ ಶುರುವಾಗಿದ್ದು ಹಾಗೆ. ರೇಸಿಗೆ ಹೆಸರು ಕೊಡುವ ಮುಂಚೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಮಾಡಿಸಿದ್ದೇನೆ, ಈಗಲೂ ವರ್ಷಕ್ಕೊಂದು ಸಲ ಮಾಡಿಸುತ್ತೇನೆ. ನನ್ನ ವಯಸ್ಸಿನವರು ಯಾರಾದರೂ ಇದನ್ನು ನೋಡಿ ನಾಳೆಯೇ ಶೂ ಕಟ್ಟುವ ಯೋಚನೆಯಲ್ಲಿದ್ದರೆ ಮೊದಲು ಅದನ್ನು ಮಾಡಿಸಿ, ಆಮೇಲೆ ಶೂ.

ಇದು ಓವಲ್ ಮೈದಾನ, ಹಿಂದೆ ಮಬ್ಬಾಗಿ ಬೆಳ್ಳಗೆ ಕಾಣುತ್ತಿರುವುದು ಕ್ರಾಫರ್ಡ್ ಹಾಲ್. ಆರು ಗಂಟೆಗೆ ಓಟ. ನವೆಂಬರಿನ ಚಳಿಗೆ ಎಲ್ಲರೂ ಕೈ ಉಜ್ಜುತ್ತಾ ಕುಣಿಯುತ್ತಿದ್ದಾರೆ. ನೋಡಿ, ಅಲ್ಲಿ ಬಾವುಟ ಹಿಡಿದಿರುವ ಹುಡುಗ ಪೇಸರ್. ಬಾವುಟದ ಮೇಲೆ 2:15 ಅಂತ ಬರೆದಿದೆ, ಅಂದರೆ ಅವನ ಹಿಂದೆ ಹೋದರೆ ಎರಡು ಗಂಟೆ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಅಂಥ ಗುಂಪಿಗೆ ಓಡುವವರು ಬಸ್ ಅನ್ನುತ್ತಾರೆ. ನಾನು ಹತ್ತಬೇಕಾಗಿದ್ದು 2:30ರ ಬಸ್. ಕಿಲೋಮೀಟರಿಗೆ ಏಳು ನಿಮಿಷ ಆರು ಸೆಕೆಂಡ್, ನಾಲ್ಕು ತಿಂಗಳಿಂದ ಕೆರೆ ಸುತ್ತ ಅದೇ ಲೆಕ್ಕದಲ್ಲಿ ಓಡಿದ್ದೇನೆ. ಹೋದ ವರ್ಷ ಚಿಪ್ ಟೈಮ್, ಅಂದರೆ ಶುರುವಿನ ಗೆರೆ ದಾಟಿದಾಗಿನಿಂದ ಎಣಿಸಿದ ಟೈಮ್, 2:36:50 ಬಂದಿತ್ತು. ಈ ಸಲ ಎರಡೂವರೆ ಒಳಗೆ ಅಂತ ಮನೆಯಲ್ಲಿ, ಕೆಳಗಿನ ಮನೆಯಲ್ಲಿ, ತರಕಾರಿಯವನ ಹತ್ತಿರ, ಎಲ್ಲರ ಹತ್ತಿರವೂ ಹೇಳಿಕೊಂಡು ಬಂದಿದ್ದೆ. ಒಲೆ ಮುಂದೆ ಉತ್ತರನ ಪೌರುಷ, ಅಲ್ವಾ.

ಆಮೇಲೆ ಏನಾಯ್ತು ಅಂದರೆ, ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಬಹಳ ಪ್ರೀತಿಯಿಂದ "ಅಂಕಲ್, ನೀವು ಐದು ಕಿಲೋಮೀಟರಿನವರಾ? ಅದು ಆ ಕಡೆ" ಅಂದ. ಪಾಪ, ಅವನ ತಪ್ಪಿಲ್ಲ. ಆದರೆ ನಾನು ಹೋಗಿ 2:15ರ ಬಾವುಟದ ಕೆಳಗೆ ನಿಂತುಬಿಟ್ಟೆ.

ಮೊದಲ ಹತ್ತು ಕಿಲೋಮೀಟರ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ, ಚೆನ್ನಾಗಿತ್ತು. ಮಾನಸಗಂಗೋತ್ರಿಯ ಮರಗಳ ಕೆಳಗೆ ಇನ್ನೂ ಅರೆಗತ್ತಲು, ನೂರಾರು ಶೂಗಳ ಸಪ್ಪಳ ಬಿಟ್ಟರೆ ಬೇರೆ ಶಬ್ದ ಇಲ್ಲ, ಅಷ್ಟೂ ಜನರ ಮೈಯಿಂದ ಮೂವ್ ಮುಲಾಮಿನ ವಾಸನೆ. ಬೋಗಾದಿ ರಸ್ತೆಗೆ ಬಂದಾಗ ಬೆಳಕಾಗಿತ್ತು, ರಂಗೋಲಿ ಹಾಕುತ್ತಿದ್ದ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೈಯೆಲ್ಲ ರಂಗೋಲಿ ಪುಡಿ, ತಟ್ಟಿದಾಗ ಬಿಳಿ ಹೊಗೆ ಹಾರುತ್ತಿತ್ತು. ಆ ಚಪ್ಪಾಳೆ ಕೇಳಿ ನಾನು ಇನ್ನೂ ಜೋರು ಮಾಡಿದೆ. ಹತ್ತು ಕಿಲೋಮೀಟರಿಗೆ 65 ನಿಮಿಷ. ನನ್ನ ಜೀವನದಲ್ಲೇ ಅಷ್ಟು ವೇಗವಾಗಿ ಓಡಿರಲಿಲ್ಲ.

ಒಂದು ವಿಷಯ ಸುಮ್ನೆ ಹೇಳಿಬಿಡುತ್ತೇನೆ. 2020ರಲ್ಲಿ ದೆಹಲಿಯಲ್ಲಿ ನಮ್ಮ ದೇಶದ ಓಟಗಾರ ಅವಿನಾಶ್ ಸಾಬ್ಳೆ ಈ ಇಡೀ ದೂರವನ್ನು ಒಂದು ಗಂಟೆ ಮೂವತ್ತು ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅಷ್ಟು ಹೊತ್ತಿಗೆ ನಾನು ಒಂಬತ್ತು ಕಿಲೋಮೀಟರ್ ದಾಟಿ, ಏನೋ ಸಾಧಿಸಿದವನ ಹಾಗೆ ಜನಕ್ಕೆ ಕೈ ಬೀಸುತ್ತಿದ್ದೆ.

ರಿಂಗ್ ರಸ್ತೆಗೆ ಬನ್ನಿ. ಕಾರಿನಲ್ಲಿ ಹೋದರೆ ಸಮತಟ್ಟು ಅನ್ನಿಸುವ ರಸ್ತೆ ಅದು. ಓಡಿ ನೋಡಿ, ಯಾವ ಕಡೆ ಮುಖ ಮಾಡಿದರೂ ಏರು. ನೆರಳೂ ಇಲ್ಲ. ಹನ್ನೆರಡನೇ ಕಿಲೋಮೀಟರಿನಲ್ಲಿ ನಮ್ಮ ಬಸ್ಸಿಗೂ ನನಗೂ ನಡುವೆ ಹತ್ತು ಅಡಿ, ಆಮೇಲೆ ಐವತ್ತು, ಆಮೇಲೆ ಬಾವುಟ ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ. ವಾಚಿನಲ್ಲಿ ಎದೆಬಡಿತ 156. ವಯಸ್ಸನ್ನು 220ರಲ್ಲಿ ಕಳೆಯುವ ಅಂದಾಜು ಲೆಕ್ಕದಲ್ಲಿ ನನ್ನ ಮಿತಿ 157. ಅಂದರೆ ಖಾತೆಯಲ್ಲಿ ಒಂದೇ ರೂಪಾಯಿ ಬಾಕಿ ಇಟ್ಟುಕೊಂಡು ಓಡುತ್ತಿದ್ದೆ.

ಅದೇ ಹೊತ್ತಿಗೆ ಬಲಗಾಲಿನ ಲೇಸ್ ಬಿಚ್ಚಿತು.

ಇಲ್ಲಿ ವಿಡಿಯೋ ಇಲ್ಲ, ಕೇಳಿಸಿಕೊಳ್ಳಿ. ಹದಿಮೂರು ಕಿಲೋಮೀಟರ್ ಓಡಿದ ಮೇಲೆ 63 ವರ್ಷದವನು ಬಗ್ಗಬಹುದು, ಮತ್ತೆ ಏಳುವುದಕ್ಕೆ ಗ್ಯಾರಂಟಿ ಇಲ್ಲ. ಬೆರಳುಗಳು ಊದಿಕೊಂಡಿದ್ದವು, ಉಂಗುರ ಬಿಗಿಯಾಗಿ ಕಚ್ಚುತ್ತಿತ್ತು. ನಾನು ಸುಮ್ಮನೆ ನಿಂತು ಲೇಸನ್ನೇ ನೋಡುತ್ತಿದ್ದೆ, ಅದೇ ಮನಸ್ಸು ಬದಲಾಯಿಸಿ ಕಟ್ಟಿಕೊಳ್ಳುತ್ತದೇನೋ ಅನ್ನುವ ಹಾಗೆ. ಜಂಕ್ಷನ್ನಿನಲ್ಲಿ ಗಾಡಿ ತಡೆಯುತ್ತಿದ್ದ ಹೋಂ ಗಾರ್ಡ್ ಹುಡುಗಿ ಬಂದಳು, ಇಪ್ಪತ್ತೈದೂ ಇರಲಿಕ್ಕಿಲ್ಲ. "ಅಂಕಲ್, ಕಾಲು ಇಲ್ಲಿಡಿ" ಅಂತ ಡಿವೈಡರ್ ಕಲ್ಲು ತೋರಿಸಿ, ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕಟ್ಟಿದಳು. ಮೊದಲು ಗಂಟು, ಆಮೇಲೆ ಕುಣಿಕೆ, ಕುಣಿಕೆಯ ಮೇಲೆ ಇನ್ನೊಂದು ಗಂಟು. ಮಧ್ಯೆ ನುಗ್ಗಲು ನೋಡಿದ ಸ್ಕೂಟರಿನವನಿಗೆ ಕೂತಲ್ಲಿಂದಲೇ ಒಂದು ಸೀಟಿ ಊದಿದಳು. "ಇನ್ನು ಮನೇಲೇ ಬಿಚ್ಚೋದು, ಹೋಗಿ" ಅಂದಳು. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅಮ್ಮಾ, ನೀನು ಇದನ್ನು ನೋಡುತ್ತಿದ್ದರೆ, ಥ್ಯಾಂಕ್ಸ್.

ಹದಿನೈದರಲ್ಲಿ ನೀರಿನ ಟೇಬಲ್ ಇತ್ತು, ನೀರು ಇರಲಿಲ್ಲ. ಖಾಲಿ ಕ್ಯಾನು, ರಸ್ತೆ ತುಂಬ ಉರುಳಾಡುತ್ತಿದ್ದ ಪೇಪರ್ ಕಪ್ಪು. ರೇಸ್ ನಡೆಸಿದವರ ಹೆಸರು ಹೇಳುವುದು ಬೇಡ. ಆದರೆ ಸ್ವಾಮಿ, ಕೊನೆಯಲ್ಲಿ ಬರುವವರೂ ಅಷ್ಟೇ ದುಡ್ಡು ಕಟ್ಟಿರುತ್ತಾರೆ, ಜೊತೆಗೆ ಬಿಸಿಲಲ್ಲಿ ಜಾಸ್ತಿ ಹೊತ್ತು ಇರುವವರೂ ನಾವೇ. ಮುಂದೆ ಟೀ ಅಂಗಡಿಯವನು ಸ್ಟೀಲ್ ಜಗ್ಗಿನಲ್ಲಿ ನೀರು ಕೊಟ್ಟ. ಅರ್ಧ ಕುಡಿದೆ, ಅರ್ಧ ತಲೆಗೆ. ಜೇಬಿನಲ್ಲಿದ್ದ ಕಡಲೆ ಮಿಠಾಯಿ ಬೆವರಿಗೆ ನೆನೆದು ಕವರಿಗೇ ಅಂಟಿತ್ತು. ಕವರ್ ಸಮೇತ ಚೀಪಿದೆ, ನಾಚಿಕೆ ಏನಿಲ್ಲ.

ಇಲ್ಲಿಂದ ಮುಂದೆ ನನ್ನ ಹಳೇ ವಿದ್ಯೆ. ಹೆಜ್ಜೆ ಎಣಿಸುವುದು. ನೂರು ಹೆಜ್ಜೆಗೆ ಒಂದು ಕಟ್ಟು, ನೋಟಿನ ಕಟ್ಟಿನ ಹಾಗೆ. ನನ್ನ ಕಾಲಿಗೆ ಹದಿಮೂರು ಕಟ್ಟಾದರೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಕಟ್ಟು ಮುಗಿದಾಗ ಒಂದು ಬೆರಳು ಮಡಚುತ್ತೇನೆ. ಗುಡ್ಡದಷ್ಟು ದುಡ್ಡು ಎದುರಿಗಿದ್ದರೂ ಕ್ಯಾಷಿಯರ್ ನೋಡುವುದು ಕೈಯಲ್ಲಿರುವ ಕಟ್ಟನ್ನು ಮಾತ್ರ. ಹದಿನಾರು, ಹದಿನೇಳು ಹಾಗೇ ಸಾಗಿತು. ಹದಿನೆಂಟರಲ್ಲಿ ಹನ್ನೊಂದು ಕಟ್ಟೋ ಹನ್ನೆರಡೋ ಗೊತ್ತಾಗಲಿಲ್ಲ. 34 ವರ್ಷದ ಸರ್ವೀಸಿನಲ್ಲಿ ಎಣಿಕೆ ತಪ್ಪಿದ್ದು ಕೈಬೆರಳೆಣಿಕೆಯಷ್ಟು ಸಲ. ರಸ್ತೆ ಮಧ್ಯೆ ನಿಂತು ಬೆರಳು ಬಿಡಿಸಿ ನೋಡಿಕೊಳ್ಳುತ್ತಿದ್ದಾಗ 2:30ರ ಬಸ್ ಪಕ್ಕದಲ್ಲೇ ಹೋಯಿತು. ಬಾವುಟ ಹಿಡಿದಿದ್ದ ಹೆಣ್ಣುಮಗಳು "ಬನ್ನಿ ಸಾರ್, ಬನ್ನಿ" ಅಂದಳು. ಇನ್ನೂರು ಮೀಟರ್ ಹೋದೆ. ಆಮೇಲೆ ಆ ಬಸ್ಸಿನಿಂದಲೂ ಇಳಿದೆ.

ಕೊನೆಯ ಮೂರು ಕಿಲೋಮೀಟರಿನಲ್ಲಿ ಒಂದಿಷ್ಟು ನಡಿಗೆ, ಒಂದಿಷ್ಟು ಓಟ, ಬಹಳಷ್ಟು ಬೈಗುಳ. ಬೈದಿದ್ದು ನನ್ನನ್ನೇ. ಇದನ್ನು ಕೆಳಗಿನ ಮನೆ ಹುಡುಗ ತೆಗೆದಿದ್ದು, ಮೈದಾನದ ಗೇಟು. ಕ್ಯಾಮೆರಾ ಕಂಡ ತಕ್ಷಣ ಹೇಗೆ ಮೈ ನೆಟ್ಟಗಾಯ್ತು ನೋಡಿ. ಸ್ವಲ್ಪ ಹಿಂದೆ ಹೋಗಿ, ಈಗ ನೋಡಿ, ಗೂನು ಬೆನ್ನು. ಮುಂದೆ ಹೋಗಿ, ನೆಟ್ಟಗೆ.

2:38:14. ಹೋದ ವರ್ಷಕ್ಕಿಂತ ಒಂದು ನಿಮಿಷ 24 ಸೆಕೆಂಡ್ ಜಾಸ್ತಿ. ವಾಚಿನಲ್ಲಿ ದೂರ 21.4 ಅಂತ ಬಂದಿದೆ. ಅಸಲು ದೂರ 21.0975. ಅಳೆಯುವವರು ತಿರುವಿನಲ್ಲಿ ಒಳಅಂಚನ್ನೇ ಹಿಡಿದು ಅಳೆಯುತ್ತಾರೆ, ನಾವು ನೆರಳು ಹುಡುಕಿಕೊಂಡು, ಗುಂಡಿ ತಪ್ಪಿಸಿಕೊಂಡು ಅಡ್ಡಾದಿಡ್ಡಿ ಓಡುತ್ತೇವೆ. ಆ ಮುನ್ನೂರು ಮೀಟರ್ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನನ್ನಾಕೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ನಿಂತಿದ್ದಳು. "ರೀ, ಎರಡು ಗಂಟೆ ನಲವತ್ತೊಂದು ನಿಮಿಷ ಆಯ್ತು" ಅಂದಳು. ನಾನು ವಿವರಿಸಿದೆ: ಅದು ಆರು ಗಂಟೆಗೆ ಹಾರ್ನ್ ಊದಿದಾಗಿನಿಂದ ಎಣಿಸಿದ್ದು, ನಾನು ಜನರ ನಡುವೆ ಹಿಂದಿದ್ದೆ, ಶುರುವಿನ ಮ್ಯಾಟ್ ದಾಟಲು ಎರಡು ನಿಮಿಷ ಐವತ್ತು ಸೆಕೆಂಡ್ ಹಿಡಿಯಿತು, ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ, ಅದೇ ಬಿಬ್ಬು, ಅದರ ಹಿಂದೆ ಚಿಪ್ ಇರುತ್ತದೆ, ಅದು ಹೇಳುವ ಟೈಮೇ ಸರಿ. ಅವಳು ಎಲ್ಲವನ್ನೂ ಕೇಳಿ, "ನಾನು ಕಾದಿದ್ದು ನಲವತ್ತೊಂದು" ಅಂದಳು.

ಸೋಮವಾರ ಹಾಲು ತರಲು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ, ಆ ವಿಡಿಯೋ ಹಾಕುವುದಿಲ್ಲ, ಕೇಳಬೇಡಿ. ಆದರೆ ಇದನ್ನು ನೋಡಿ, ನಮ್ಮನೆ ಕ್ಯಾಲೆಂಡರ್. ಭಾನುವಾರದ ಚೌಕದಲ್ಲಿ ಹಾಲಿನ ಲೆಕ್ಕದ ಪಕ್ಕ 2:41 ಅಂತ ಅವಳ ಅಕ್ಷರದಲ್ಲಿದೆ. ಈಗ ತಾನೇ ತಿದ್ದೋಣ ಅಂತ ಹೋದೆ, ಪೆನ್ನು ಕೈಜಾರಿ ಕೆಳಗೆ ಬಿತ್ತು. ಬಗ್ಗಬೇಕು.

ಹೋಗಲಿ ಬಿಡಿ, 2:41.