ಬೆರಳು ಬೆಚ್ಚಗಾಗಬೇಕಾದರೆ ಎದೆಗೆ ಸ್ವೆಟರ್ ಹಾಕಿ

ಚಿಕ್ಕಬಳ್ಳಾಪುರದ ಹತ್ತಿರದ ಒಂದು ಸೇವಂತಿಗೆ ತೋಟ ಇದು. ಧನುರ್ಮಾಸದ ಬೆಳಗಿನ ಜಾವ. ಆ ಮಂಜಿನ ಹಿಂದೆ ನಂದಿ ಬೆಟ್ಟ ಇದೆ, ಇನ್ನೂ ಕಾಣುತ್ತಿಲ್ಲ. ಹೂವು ಹೊತ್ತಿಗೆ ಸರಿಯಾಗಿ ಮಾರ್ಕೆಟ್ಟಿಗೆ ಹೋಗಬೇಕು, ಬಿಸಿಲು ಬರಲಿ ಅಂತ ಕಾಯುವ ಹಾಗಿಲ್ಲ.

ಈ ಅಕ್ಕಂದಿರ ಕೈ ನೋಡಿ. ಗಿಡದ ತುಂಬಾ ಇಬ್ಬನಿ, ಬೆರಳೆಲ್ಲ ಒದ್ದೆ. "ಬೆರಳು ನಂದಲ್ವೇನೋ ಅನ್ಸುತ್ತೆ ಕಣಮ್ಮ" ಅಂದರು ಒಬ್ಬರು. ಅದೇ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡರೆ ಅಲ್ಲಿ ಬೆಚ್ಚಗಿದೆ. ಒಂದೇ ಮೈಯಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?

ಯಾಕೆಂದರೆ ಬೆರಳು ತನ್ನ ಬಿಸಿಯನ್ನು ತಾನು ಮಾಡಿಕೊಳ್ಳುವುದು ಬಹಳ ಕಮ್ಮಿ. ಮೈಯ ಬಿಸಿ ಹೆಚ್ಚಾಗಿ ಹುಟ್ಟುವುದು ಲಿವರ್, ಹೃದಯ, ಮೆದುಳು, ಮಾಂಸಖಂಡಗಳಲ್ಲಿ. ಬೆರಳು ಮಡಿಸುವ ಸ್ನಾಯುಗಳು ಕೂಡ ಬೆರಳಲ್ಲಿಲ್ಲ, ಅಂಗೈ ಮತ್ತು ಮುಂಗೈಯಲ್ಲಿವೆ. ಹಾಗಾಗಿ ಬೆರಳಿಗೆ ಬಿಸಿ ತಂದುಕೊಡುವುದು ರಕ್ತ. ಸುಮ್ನೆ ಕೂತಿದ್ದಾಗಲೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಬೆರಳಿಗೆ ಎಷ್ಟು ಹೋಗಬೇಕು ಅನ್ನುವುದನ್ನು ಮೆದುಳು ನರಗಳ ಮೂಲಕ ನಿಯಂತ್ರಿಸುತ್ತದೆ.

ಮೆದುಳಿಗೆ ಮುಖ್ಯವಾಗುವುದು ಒಳಗಿನ 37 ಡಿಗ್ರಿ. ಚಳಿ ಜಾಸ್ತಿಯಾದರೆ ಅದು ಚರ್ಮದ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಬೋರ್‌ವೆಲ್‌ನಲ್ಲಿ ನೀರು ಕಮ್ಮಿಯಾದಾಗ ತುದಿಯ ಡ್ರಿಪ್ ಲೈನಿನ ವಾಲ್ವ್ ಮುಚ್ಚಿ ಹತ್ತಿರದ ಸಾಲು ಉಳಿಸಿಕೊಳ್ಳುತ್ತೀವಲ್ವಾ, ಹಾಗೆ. ಬೆರಳು, ಮೂಗು, ಕಿವಿಗೆ ಮೊದಲು ಕಡಿತ. ತೋಳಿನೊಳಗೂ ಒಂದು ಉಳಿತಾಯ ನಡೆಯುತ್ತದೆ. ಹೊರಗೆ ಹೋಗುವ ಬಿಸಿ ರಕ್ತದ ನಾಳ, ವಾಪಸು ಬರುವ ತಣ್ಣನೆ ರಕ್ತದ ನಾಳ, ಎರಡೂ ಅಕ್ಕಪಕ್ಕ ಇವೆ. ಹೋಗುವ ರಕ್ತ ತನ್ನ ಬಿಸಿಯನ್ನು ಬರುವ ರಕ್ತಕ್ಕೆ ದಾಟಿಸಿಬಿಡುತ್ತದೆ. ಬೆರಳಿಗೆ ತಲುಪುವಷ್ಟರಲ್ಲಿ ಅದೇ ತಣ್ಣಗಾಗಿರುತ್ತದೆ. ನನಗೆ ಇದು ತುಂಬಾ ಚಂದದ ಏರ್ಪಾಡು ಅನ್ನಿಸುತ್ತದೆ.

ಆದರೆ ದೇಹ ಬೆರಳನ್ನು ಪೂರ್ತಿ ಕೈಬಿಡುವುದಿಲ್ಲ. 1930ರಲ್ಲಿ ಥಾಮಸ್ ಲೂಯಿಸ್ ಎಂಬ ಬ್ರಿಟಿಷ್ ವೈದ್ಯರು ಇದನ್ನು ಬರೆದಿಟ್ಟರು. ಬೆರಳನ್ನು ಐಸ್ ನೀರಲ್ಲಿಟ್ಟರೆ ಕೆಲವು ನಿಮಿಷಗಳ ನಂತರ ಮುಚ್ಚಿದ ನಾಳ ತಾನಾಗಿ ತೆರೆಯುತ್ತದೆ. ಬಿಸಿ ರಕ್ತ ನುಗ್ಗುತ್ತದೆ, ಮತ್ತೆ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ.

ಅದಕ್ಕೇ ಈ ಅಕ್ಕಂದಿರಿಗೆ ನಾನು ಹೇಳಿದ್ದು ಇಷ್ಟೇ: ಗ್ಲೌಸ್ ಒಂದೇ ಸಾಲದು, ಎದೆ ಹೊಟ್ಟೆ ಬೆಚ್ಚಗಿಡಿ. ಒಳಗೆ ಬಿಸಿ ಮಿಕ್ಕಿದರೆ ಮೆದುಳು ತಾನೇ ಬೆರಳಿನ ನಾಳ ತೆರೆಯುತ್ತದೆ. ಕೈ ಒರೆಸಿಕೊಳ್ಳಿ, ಒದ್ದೆ ಚರ್ಮ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಎರಡೆರಡು ಸಾಕ್ಸ್ ಬಿಗಿಯಾಗಿ ಹಾಕಿದರೆ ಪಾದಕ್ಕೆ ರಕ್ತ ಹೋಗುವುದೇ ಕಷ್ಟ. ತೋಳನ್ನು ಜೋರಾಗಿ ಬೀಸಿ, ರಕ್ತ ತುದಿಗೆ ಹೋಗುತ್ತದೆ.

ಬೀಡಿ ಸೇದಿದರೆ ಬೆಚ್ಚಗಾಗುತ್ತದೆ ಅನ್ನುವುದು ಸುಳ್ಳು. ನಿಕೋಟಿನ್ ನಾಳಗಳನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೆಂಡದ್ದು ಬೇರೆ ಮೋಸ. ಚರ್ಮದ ನಾಳ ತೆರೆಯುವುದರಿಂದ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಒಳಗಿನ ಬಿಸಿಯೇ ಹೊರಗೆ ಹೋಗುತ್ತಿರುತ್ತದೆ.

ಚಳಿಗೆ ಬೆರಳು ಬೆಳ್ಳಗೆ ಬಿಳುಚಿಕೊಂಡು, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗಿ ಉರಿದರೆ ಅದು ರೇನಾಡ್ ತೊಂದರೆ ಇರಬಹುದು. ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಶುಗರ್ ಇರುವವರ ಪಾದಕ್ಕೆ ಸ್ಪರ್ಶ ಕಮ್ಮಿಯಾಗಿದ್ದರೆ ಬೆಂಕಿ ಕಾಯಿಸುವಾಗ ಜೊತೆಗಿರಿ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.