ಮನೆಮಾತಲ್ಲದ ಕನ್ನಡ: ಕಾಸರಗೋಡಿನಲ್ಲಿ ಸಂಶೋಧನೆ ಎಲ್ಲಿಂದ ಆರಂಭವಾಗಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ಶಿಕ್ಷಣ, ಸಾಮಾಜಿಕ ಬದಲಾವಣೆ ಮತ್ತು ಸಾಂಸ್ಕೃತಿಕ ಪರಂಪರೆ ಎಂಬ ಮೂರನ್ನೂ ಜೊತೆಯಲ್ಲಿಟ್ಟು ನೋಡುವ ಸಂಶೋಧನೆಯ ಕುರಿತು ಇಂದು ಮಾತನಾಡುತ್ತೇನೆ. ವಿಷಯ ಬಹಳ ದೊಡ್ಡದಾದುದರಿಂದ ಅದನ್ನು ಕಾಸರಗೋಡಿಗೆ, ಅದರಲ್ಲಿಯೂ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಮ್ಮ ಊರುಗಳಿಗೆ ಸೀಮಿತಗೊಳಿಸಿಕೊಳ್ಳುತ್ತೇನೆ. ನನ್ನ ವಾದವನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಈ ನೆಲದಲ್ಲಿ ಕನ್ನಡವು ಕನ್ನಡಿಗರೆನಿಸಿಕೊಂಡ ಬಹಳಷ್ಟು ಮಂದಿಗೆ ಮನೆಮಾತಲ್ಲ. ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಶೋಧನೆ ಇಲ್ಲಿನ ಶಾಲೆಯನ್ನೂ ಅಳೆಯಲಾರದು, ಇಲ್ಲಿನ ಪರಂಪರೆಯನ್ನೂ ಅಳೆಯಲಾರದು.

ಘಟ್ಟದ ಮೇಲಿನವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಪೈವಳಿಕೆಯಲ್ಲಿಯೋ ಎಣ್ಮಕಜೆಯಲ್ಲಿಯೋ ಬದಿಯಡ್ಕದಲ್ಲಿಯೋ ತಮ್ಮನ್ನು ಕನ್ನಡಿಗರೆಂದು ಹೇಳಿಕೊಳ್ಳುವವರ ಮನೆಯೊಳಗೆ ಹೋದರೆ ಅಲ್ಲಿ ತುಳು, ಹವ್ಯಕರ ಮಾತು, ಕೊಂಕಣಿ, ಕರಾಡರ ಮರಾಠಿ, ಮರಾಟಿ ಸಮುದಾಯದ ನುಡಿ, ಕೊರಗರ ನುಡಿ, ಇವುಗಳಲ್ಲಿ ಯಾವುದಾದರೂ ಒಂದು ಕೇಳಿಸುತ್ತದೆ. ಆದರೆ ಅದೇ ಮನೆಯ ಮದುವೆಯ ಕಾಗದ, ಊರ ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ಯುವಕ ಸಂಘದ ನಿರ್ಣಯ ಪುಸ್ತಕ, ಭಜನೆ, ದಿನಪತ್ರಿಕೆ ಎಲ್ಲವೂ ಕನ್ನಡದಲ್ಲಿರುತ್ತವೆ. ಜಗಳ ತುಳುವಿನಲ್ಲಿ ನಡೆದರೂ ಅದರ ದೂರನ್ನು ಕನ್ನಡದಲ್ಲಿ ಬರೆಯುವ ಊರುಗಳಿವು. ಮಂಜೇಶ್ವರದ ಗೋವಿಂದ ಪೈಯವರನ್ನು 1949ರಲ್ಲಿ ಮದ್ರಾಸು ಸರಕಾರ ರಾಷ್ಟ್ರಕವಿಯೆಂದು ಗೌರವಿಸಿತು; ಅವರ ಮನೆಮಾತು ಕೊಂಕಣಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಇಬ್ಬರ ಕನ್ನಡಕ್ಕೂ ಯಾರೂ ಪ್ರಮಾಣಪತ್ರ ಕೇಳಲಿಲ್ಲ.

ಈ ವ್ಯವಸ್ಥೆ ಆಧುನಿಕ ಶಾಲೆಗಿಂತ ಹಳೆಯದು. ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ಯಕ್ಷಗಾನ ಪ್ರಸಂಗಗಳು ಕನ್ನಡದವು. ಅವನ ಕಾಲ, ಕರ್ತೃತ್ವಗಳ ಬಗ್ಗೆ ವಿದ್ವಾಂಸರು ದಶಕಗಳ ಕಾಲ ವಾದಿಸಿದರು, ಶಿವರಾಮ ಕಾರಂತರು ಬಲವಾದ ಸಂಶಯಗಳನ್ನೆತ್ತಿದರು. ಆದರೆ ತುಳುವರ ನಡುವೆ ಈ ಪದ್ಯಗಳು ಕನ್ನಡದಲ್ಲಿಯೇ ಏಕೆ ಹಾಡಲ್ಪಟ್ಟವೆಂಬ ಪ್ರಶ್ನೆ ಯಾರಿಗೂ ವಿಶೇಷವೆನಿಸಲಿಲ್ಲ, ಅಷ್ಟು ಸಹಜವಾಗಿತ್ತು ಅದು. ಆ ಬಳಿಕ ಬಂದದ್ದು ಶಾಲೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ ಶಾಲೆಯನ್ನೂ ಮುದ್ರಣಾಲಯವನ್ನೂ ಕಟ್ಟಿತು; 1843ರಲ್ಲಿ ಅಲ್ಲಿಂದ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು; ತುಳುವನ್ನು ಮುದ್ರಿಸಬೇಕಾಗಿ ಬಂದಾಗಲೂ ಕನ್ನಡ ಲಿಪಿಯೇ ಬಳಕೆಗೆ ಬಂತು. (ಅದೇ ಮಿಶನ್ನಿನ ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿ ಮುದ್ರಣವಾದದ್ದೂ ಮಂಗಳೂರಿನಲ್ಲಿಯೇ ಎಂಬುದನ್ನು ಎರಡೂ ಕಡೆಯ ಭಾಷಾಭಿಮಾನಿಗಳು ಒಮ್ಮೆ ನೆನೆದುಕೊಂಡರೆ ಚೆನ್ನು.) ಅದುವರೆಗೆ ತಾಡವಾಲೆಗಳನ್ನು ಓದಬಲ್ಲ ಕೆಲವೇ ಮನೆಗಳಲ್ಲಿದ್ದ ಬರಹದ ಕನ್ನಡವು ಊರೂರಿನ ಕನ್ನಡ ಶಾಲೆಗಳ ಮೂಲಕ ಗೇಣಿ ಒಕ್ಕಲುಗಳ ಮಕ್ಕಳಿಗೂ ಸಿಗತೊಡಗಿತು. ನಮ್ಮ ಪ್ರದೇಶದಲ್ಲಿ ಶಿಕ್ಷಣ ತಂದ ಸಾಮಾಜಿಕ ಬದಲಾವಣೆಯೆಂದರೆ ಮುಖ್ಯವಾಗಿ ಇದು.

ಈಗ ಸಂಶೋಧನೆಯ ಕಡೆಗೆ ಬರೋಣ. ಮಗುವಿಗೆ ಕಲಿಸಲು ಮಾತೃಭಾಷೆಯೇ ಅತ್ಯುತ್ತಮ ಮಾಧ್ಯಮವೆಂದು ಯುನೆಸ್ಕೋ 1953ರ ವರದಿಯಲ್ಲಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೇ ತರಗತಿಯ ತನಕ ಮನೆಮಾತು ಅಥವಾ ಸ್ಥಳೀಯ ಭಾಷೆ ಬೋಧನಾ ಮಾಧ್ಯಮವಾಗಿರಬೇಕೆಂದು ಹೇಳುತ್ತದೆ. ಅಳಿಯುವ ಭಾಷೆಗಳ ಬಗ್ಗೆ ಬರೆದ ಜೋಶುವಾ ಫಿಶ್‌ಮನ್ 1991ರಲ್ಲಿ ಎಂಟು ಹಂತಗಳ ಮಾಪಕವೊಂದನ್ನು ಮುಂದಿಟ್ಟರು. ಮನೆಯಲ್ಲಿ ತಾಯ್ತಂದೆಯರಿಂದ ಮಕ್ಕಳಿಗೆ ದಾಟದ ಭಾಷೆಯನ್ನು ಶಾಲೆಯೊಂದೇ ಉಳಿಸಲಾರದೆಂಬುದು ಅವರ ಮುಖ್ಯ ಎಚ್ಚರಿಕೆ. ಈ ಮಾತುಗಳನ್ನು ನಮ್ಮ ವೇದಿಕೆಗಳಲ್ಲಿ ಕನ್ನಡದ ಪರವಾಗಿ ಮತ್ತೆ ಮತ್ತೆ ಉದ್ಧರಿಸುತ್ತೇವೆ. ಆದರೆ ಅವುಗಳನ್ನು ಕಾಸರಗೋಡಿನ ಕನ್ನಡಕ್ಕೆ ಯಥಾವತ್ತಾಗಿ ಅನ್ವಯಿಸಿದರೆ ಬರುವ ಉತ್ತರ ನಮಗೆ ಹಿತವಾಗಿರದು: ತುಳುವರ ಮಗುವಿಗೆ ತುಳುವಿನಲ್ಲಿ ಕಲಿಸಬೇಕು, ಕೊರಗರ ಮಗುವಿಗೆ ಕೊರಗ ನುಡಿಯಲ್ಲಿ, ಮನೆಯಲ್ಲಿ ದಾಟದ ಕನ್ನಡವು ಹೇಗೂ ಉಳಿಯುವಂಥದ್ದಲ್ಲ.

ಹಾಗಾದರೆ ಇಷ್ಟು ತಲೆಮಾರು ಅದು ಉಳಿದದ್ದು ಹೇಗೆ? ಇದಕ್ಕೆ ಬೇಕಾದ ಉಪಕರಣವೂ ಸಂಶೋಧಕರ ಬಳಿಯೇ ಇದೆ. ಒಂದೇ ಸಮಾಜದಲ್ಲಿ ಮನೆ-ಅಂಗಡಿಗಳಿಗೆ ಒಂದು ನುಡಿ, ಬರಹ-ಭಾಷಣ-ಪೂಜೆಗಳಿಗೆ ಇನ್ನೊಂದು ನುಡಿ ಎಂದು ಹಂಚಿಕೆಯಾಗಿರುವ ಸ್ಥಿತಿಯನ್ನು ಚಾರ್ಲ್ಸ್ ಫರ್ಗುಸನ್ 1959ರಲ್ಲಿ ಡೈಗ್ಲೋಸಿಯಾ ಎಂದು ಕರೆದು ವಿವರಿಸಿದರು. ಅವರ ಉದಾಹರಣೆಗಳಲ್ಲಿ ಮನೆಯಲ್ಲಿ ಸ್ವಿಸ್ ಜರ್ಮನ್ ಆಡಿ ಶಾಲೆಯಲ್ಲಿ ಶಿಷ್ಟ ಜರ್ಮನ್ ಕಲಿಯುವ ಜನರೂ ಇದ್ದಾರೆ. ಆ ಎರಡು ನುಡಿಗಳು ಬೇರೆ ಬೇರೆ ಭಾಷೆಗಳೇ ಆಗಿರಬಹುದೆಂದು 1967ರಲ್ಲಿ ವಿಸ್ತರಿಸಿದವರು ಅದೇ ಫಿಶ್‌ಮನ್. ನಮ್ಮ ಸ್ಥಿತಿ ಇದಕ್ಕೆ ಬಹಳ ಹತ್ತಿರದ್ದು. ಇಂಥ ಹಂಚಿಕೆಯಲ್ಲಿ ಮೇಲಿನ ನುಡಿಗೆ ಅಡುಗೆಮನೆಯ ಆಸರೆ ಇರುವುದಿಲ್ಲ. ಅದನ್ನು ಪ್ರತಿ ತಲೆಮಾರಿಗೂ ಹೊಸದಾಗಿ ಕಲಿಸಬೇಕಾಗುತ್ತದೆ, ಕಲಿಸುವ ಸಂಸ್ಥೆ ಒಂದು ತಲೆಮಾರಿನ ಮಟ್ಟಿಗೆ ದುರ್ಬಲವಾದರೂ ಮುಂದಿನದಕ್ಕೆ ಅದು ಸಿಗುವುದಿಲ್ಲ.

ಕಾನೂನಿನ ದೃಷ್ಟಿಯಿಂದ ನೋಡಿದರೂ ಇದೇ ತೊಡಕು ಎದುರಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಒದಗಿಸಬೇಕೆನ್ನುವ 350-ಎ ವಿಧಿಯು ಸಂವಿಧಾನಕ್ಕೆ ಸೇರಿದ್ದು ಏಳನೆಯ ತಿದ್ದುಪಡಿಯ ಮೂಲಕ. ಅದು ಜಾರಿಗೆ ಬಂದ 1956ರ ನವೆಂಬರ್ 1 ಕಾಸರಗೋಡು ಕೇರಳಕ್ಕೆ ಸೇರಿದ ದಿನವೂ ಹೌದು. ಆದರೆ ಜನಗಣತಿಯಲ್ಲಿ ತುಳು ಬೇರೆ ಭಾಷೆ. 2011ರ ಗಣತಿಯಲ್ಲಿ ದೇಶದಲ್ಲಿ ಸುಮಾರು 18.46 ಲಕ್ಷ ಮಂದಿ ತುಳುವನ್ನು ಮಾತೃಭಾಷೆಯೆಂದು ಬರೆಸಿದರು. ಹೀಗೆ ಬರೆಸಿದ ನಮ್ಮ ತಾಲೂಕುಗಳ ತುಳುವನು ಕನ್ನಡ ಮಾಧ್ಯಮದಲ್ಲಿ ಓದಿದವನಾಗಿದ್ದರೂ ಕನ್ನಡಿಗರ ಅಂಕಣಕ್ಕೆ ಸೇರುವುದಿಲ್ಲ. ಮಾತೃಭಾಷೆಯ ಅಂಕಿಗಳನ್ನಷ್ಟೇ ನೋಡಿ ಇಲ್ಲಿ ಕನ್ನಡ ಶಾಲೆ ಎಷ್ಟು ಬೇಕೆಂದು ನಿರ್ಧರಿಸುವ ಅಧಿಕಾರಿ ಕನ್ನಡವನ್ನು ನಿಜಕ್ಕಿಂತ ಬಹಳ ಚಿಕ್ಕದಾಗಿ ಕಾಣುತ್ತಾನೆ. ತುಳುವನ್ನು ಕನ್ನಡದ ಲೆಕ್ಕಕ್ಕೆ ಸೇರಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಅದು ತುಳುವಿಗೆ ಮಾಡುವ ಅನ್ಯಾಯ. ಮನೆಯಲ್ಲಿ ಆಡುವ ಭಾಷೆ ಯಾವುದು, ಓದಿ ಬರೆಯುವ ಭಾಷೆ ಯಾವುದು ಎಂದು ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಿ ಎನ್ನುತ್ತಿದ್ದೇನೆ.

ಪರಂಪರೆಯ ಅಧ್ಯಯನದಲ್ಲಿಯೂ ಈ ಭೇದ ಮುಖ್ಯ. ದೈವದ ಕೋಲವನ್ನು ತೆಗೆದುಕೊಳ್ಳಿ. ದೈವದ ಕಥೆ ಹೇಳುವ ಪಾಡ್ದನ, ದೈವದ ನುಡಿ ಎಲ್ಲವೂ ತುಳುವಿನಲ್ಲಿ. ನಲಿಕೆ, ಪಂಬದ, ಪರವ ಮುಂತಾದ ಸಮುದಾಯಗಳಲ್ಲಿ ಅದು ಮನೆತನದಿಂದ ಮನೆತನಕ್ಕೆ ಸಾಗಿ ಬಂದಿದೆ. ಕನ್ನಡ ಶಾಲೆ ಮುಚ್ಚಿದರೆ ಕೋಲ ನಿಲ್ಲುವುದಿಲ್ಲ. ನೇಜಿ (ಭತ್ತದ ಸಸಿ) ನೆಡುವ ಹೆಂಗಸರು ಹಾಡುತ್ತಿದ್ದ ಕಬಿತಗಳು ಕಡಿಮೆಯಾದುದಕ್ಕೂ ಶಾಲೆ ಕಾರಣವಲ್ಲ, ಗದ್ದೆಗಳು ಅಡಿಕೆ ತೋಟಗಳಾದದ್ದು ಕಾರಣ. ಆದರೆ ಯಕ್ಷಗಾನದ್ದೇ ಇನ್ನೊಂದು ರೂಪವಾದ ತಾಳಮದ್ದಳೆಯ ಕೂಟ ಹಾಗಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಆ ಕ್ಷಣಕ್ಕೆ ಹುಟ್ಟುವ ಗದ್ಯದಲ್ಲಿ ವಾದ ಬೆಳೆಸುತ್ತಾರೆ. ಇಲ್ಲಿ ಕಲೆಯೆಂದರೆ ಭಾಷೆ, ಬೇರೇನೂ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿ ರಾವಣನ ಅಥವಾ ವಾಲಿಯ ಪಕ್ಷವನ್ನು ಎತ್ತಿ ಹಿಡಿದು ಮಾತಾಡುತ್ತಿದ್ದಾಗ ಎದುರಿಗೆ ಕುಳಿತ ಕೃಷಿಕನು, ತನ್ನ ಮನೆಯಲ್ಲಿ ಒಂದು ವಾಕ್ಯ ಕನ್ನಡವನ್ನೂ ಆಡದವನು, ಆ ವಾದದ ಒಳಸುಳಿಗಳನ್ನು ಹಿಡಿದು ತಲೆದೂಗುತ್ತಿದ್ದ, ಮರುದಿನ ಕಟ್ಟೆಯ ಮೇಲೆ ಕುಳಿತು ಅದನ್ನು ತುಳುವಿನಲ್ಲಿ ಖಂಡಿಸುತ್ತಿದ್ದ. ಆ ಕಿವಿಯನ್ನು ಬಹುಮಟ್ಟಿಗೆ ತಯಾರು ಮಾಡಿದ್ದು ಊರಿನ ಕನ್ನಡ ಶಾಲೆ, ಮತ್ತು ಶಾಲೆ ಬಿಟ್ಟ ಬಳಿಕ ಅವನ ಕೈಗೆ ಸಿಕ್ಕಿದ ಪ್ರಸಂಗ ಪುಸ್ತಕ. ಒಳ್ಳೆಯ ಅರ್ಥಧಾರಿಗಳಲ್ಲಿ ಎಷ್ಟು ಮಂದಿ ಶಾಲಾ ಅಧ್ಯಾಪಕರಿದ್ದರು, ಇದ್ದಾರೆ ಎಂಬುದನ್ನು ಬಲ್ಲವರು ಬಲ್ಲರು.

ಇದಕ್ಕೆ ಎದುರಾಗಿ ಒಂದು ಉದಾಹರಣೆ ಇದೆ, ಅದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಕೇರಳದ ಶಾಲಾ ಕಲೋತ್ಸವ 1957ರಲ್ಲಿ ಆರಂಭವಾಯಿತು. ಯಕ್ಷಗಾನವೂ ಅದರಲ್ಲಿ ಒಂದು ಸ್ಪರ್ಧೆ. ಕನ್ನಡದ ಗಂಧವಿಲ್ಲದ ಜಿಲ್ಲೆಗಳ ಮಕ್ಕಳೂ ಕಾಸರಗೋಡಿನ ಗುರುಗಳಿಂದ ಕಲಿತು, ಸಂಭಾಷಣೆಯನ್ನು ಕಂಠಪಾಠ ಮಾಡಿ, ಕಿರೀಟ ಕಟ್ಟಿ ರಂಗಕ್ಕೆ ಬರುತ್ತಾರೆ. ಚೆನ್ನಾಗಿಯೇ ಕುಣಿಯುತ್ತಾರೆ. ನಾನು ಇದನ್ನು ಹಗುರಾಗಿ ಕಾಣುವುದಿಲ್ಲ. ನಮ್ಮದೇ ಕಲೆಯನ್ನು ಇಷ್ಟು ಶ್ರದ್ಧೆಯಿಂದ ಕಲಿಯುವ ಮಲಯಾಳ ಮಕ್ಕಳ ಮೇಲೆ ನನಗೆ ಗೌರವವಿದೆ. ಆದರೆ ಪರಂಪರೆಯನ್ನು ಪ್ರದರ್ಶನಗಳ ಸಂಖ್ಯೆಯಿಂದ ಎಣಿಸುವ ಸಂಶೋಧಕನು ಇದನ್ನು ಬೆಳವಣಿಗೆಯೆಂದು ದಾಖಲಿಸುತ್ತಾನೆ. ಬಾಯಿಪಾಠದ ಮಾತಿಗೆ ಎದುರುತ್ತರ ಕೊಡಬಲ್ಲ ಮಗು ಎಷ್ಟಿವೆ ಎಂದು ಎಣಿಸುವವನು ಬೇರೆಯದನ್ನೇ ದಾಖಲಿಸುತ್ತಾನೆ. ಆಟ, ಅಂದರೆ ವೇಷ ಕಟ್ಟಿ ಕುಣಿಯುವ ಯಕ್ಷಗಾನ, ಭಾಷೆಯಿಲ್ಲದೆಯೂ ಸ್ವಲ್ಪ ದೂರ ಹೋಗಬಹುದು, ಕೂಟ ಒಂದು ಹೆಜ್ಜೆಯೂ ಹೋಗದು. ಯುನೆಸ್ಕೋದ 2003ರ ಅಮೂರ್ತ ಪರಂಪರೆಯ ಒಡಂಬಡಿಕೆಯು ಭಾಷೆಯನ್ನು ಅಂಥ ಪರಂಪರೆಯ ವಾಹಕವೆಂದು ಹೆಸರಿಸಿ, ರಕ್ಷಣೆಯ ಕ್ರಮಗಳಲ್ಲಿ ಔಪಚಾರಿಕ ಮತ್ತು ಅನೌಪಚಾರಿಕ ಶಿಕ್ಷಣವನ್ನು ಸೇರಿಸಿದೆ. 2005ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಹೀಗಿದ್ದರೂ ಪರಂಪರೆಯ ಹೆಸರಿನ ಹಣವೆಲ್ಲ ಉತ್ಸವ, ಶಾಮಿಯಾನ, ಸನ್ಮಾನಗಳಿಗೆ ಹೋಗುತ್ತದೆ. ತರಗತಿಯ ಕೋಣೆ ಪರಂಪರೆಯ ಭಾಗವೆಂದು ಯಾರಿಗೂ ಅನಿಸುವುದಿಲ್ಲ.

ಶಾಲೆಯ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಕೇರಳ ಸರಕಾರ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ, ಕನ್ನಡದಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ನಡೆಸುತ್ತದೆ, ಇದನ್ನು ಒಪ್ಪಿಕೊಳ್ಳಬೇಕು. ಅದೇ ವೇಳೆಗೆ ಕನ್ನಡ ತಿಳಿಯದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ಅಧ್ಯಾಪಕರಾಗಿ ನೇಮಿಸಿದುದನ್ನು ವಿರೋಧಿಸಿ ಹೆತ್ತವರು ಒಂದಲ್ಲ ಹಲವು ಬಾರಿ ಶಾಲೆಗಳ ಮುಂದೆ ಕುಳಿತದ್ದೂ ನಿಜ. 2017ರಲ್ಲಿ ಹತ್ತನೆಯ ತರಗತಿಯ ತನಕ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಜಿಲ್ಲೆಯಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಗಣಿತವನ್ನು ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ವಿವರಿಸಿದರೆ ಪೆಟ್ಟು ಬೀಳುವುದು ಗಣಿತಕ್ಕಷ್ಟೇ ಅಲ್ಲ. ಬರಹದ ಕನ್ನಡವನ್ನು ಮನೆಯಲ್ಲಿ ಎಂದೂ ಕೇಳದ ತುಳುವರ ಮಗುವಿಗೆ ಆ ಭಾಷೆ ಕಿವಿಗೆ ಬೀಳುವ ಏಕೈಕ ಸ್ಥಳವೂ ಹೋಗುತ್ತದೆ.

ಆದರೆ ಎಲ್ಲ ಹೊರೆಯನ್ನೂ 1956ರ ಮೇಲೆ ಹೊರಿಸುವ ನಮ್ಮ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಚಂದ್ರಗಿರಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಜಾರಿಯಾಗಿದ್ದರೆ ಕನ್ನಡ ಶಾಲೆಗಳು ತುಂಬಿ ತುಳುಕುತ್ತಿದ್ದವೇ? ಗಡಿಯ ಆಚೆಗಿರುವ ಪುತ್ತೂರು, ಬಂಟ್ವಾಳಗಳ ಕನ್ನಡ ಶಾಲೆಗಳನ್ನು ನೋಡಿದವರು ಹೌದೆನ್ನಲಾರರು. ಆಂಗ್ಲ ಮಾಧ್ಯಮದ ಶಾಲೆಯ ಹಳದಿ ವಾಹನ ಎರಡೂ ಕಡೆಯ ಬೈಲುಗಳಿಗೆ ಬರುತ್ತದೆ. ಮಂಗಳೂರಿನ ಕಾಲೇಜು, ಬೆಂಗಳೂರಿನ ಅಥವಾ ಗಲ್ಫಿನ ಉದ್ಯೋಗ ಇವುಗಳನ್ನು ಮನಸ್ಸಿನಲ್ಲಿಟ್ಟು ಮಗುವನ್ನು ಆ ವಾಹನಕ್ಕೆ ಹತ್ತಿಸುವ ಹೆತ್ತವರಲ್ಲಿ ಕನ್ನಡ ಹೋರಾಟದ ಮುಂಚೂಣಿಯಲ್ಲಿರುವವರೂ ಇದ್ದಾರೆ. ಅವರನ್ನು ಹಂಗಿಸುವುದರಿಂದ ಏನೂ ತಿಳಿಯುವುದಿಲ್ಲ. ಕೇರಳ ಪಠ್ಯಕ್ರಮದಲ್ಲಿ ಆಂಗ್ಲ ಮಾಧ್ಯಮದಲ್ಲಿ ಓದುವ ಮಗುವೂ ಕನ್ನಡವನ್ನು ಪ್ರಥಮ ಭಾಷೆಯಾಗಿ ಆಯ್ದುಕೊಳ್ಳಬಹುದು. ಹಾಗೆ ಕಲಿತ ಮಗುವಿಗೆ ಸಿಗುವ ಕನ್ನಡ ಯಾವ ಮಟ್ಟದ್ದು, ಅದು ತಾಳಮದ್ದಳೆಯ ಅರ್ಥ ಕೇಳುವಷ್ಟಾದರೂ ಸಾಲುತ್ತದೆಯೇ ಎಂಬುದನ್ನು ಪರೀಕ್ಷಿಸಿ ನೋಡುವುದು ನಿಜವಾದ ಸಂಶೋಧನೆ.

ಇಂಥ ಕೆಲಸ ಮಾಡಲು ನಮ್ಮಲ್ಲಿ ಜನರಿಲ್ಲವೆನ್ನುವಂತಿಲ್ಲ. ‘ಶ್ರೀ ಭಾಗವತೊ’ ಎಂಬ ಹಳೆಯ ತುಳು ಕಾವ್ಯದ ತಾಡವಾಲೆಯನ್ನು ಬೆಳಕಿಗೆ ತಂದ ಪುಂಡೂರು ವೆಂಕಟರಾಜ ಪುಣಿಂಚತ್ತಾಯರು ನಮ್ಮವರು, ವೃತ್ತಿಯಿಂದ ಅಧ್ಯಾಪಕರು. ಕಯ್ಯಾರರೂ ಪೆರಡಾಲದ ಶಾಲೆಯಲ್ಲಿ ಪಾಠ ಹೇಳಿದವರು. ಇನ್ನು ಸಂಸ್ಥೆಗಳ ಮಾತು: ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆಗೆ 1916ರಿಂದಲೇ ಕೇಂದ್ರವಿದೆ, ಆ ತೆಂಗಿನ ಬುಡದಲ್ಲಿ ನಿಂತು ಮಾತಾಡುವ ಇಷ್ಟೊಂದು ನುಡಿಗಳನ್ನು ಒಟ್ಟಿಗೆ ಅಭ್ಯಸಿಸುವುದಕ್ಕೆ ಅಂಥ ದೀರ್ಘಾವಧಿಯ ಏರ್ಪಾಡು ಬೇಕು. ಸರಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವಿದೆ, ಮಂಜೇಶ್ವರದಲ್ಲಿ 2007ರಿಂದ ಕೇರಳ ತುಳು ಅಕಾಡೆಮಿ ಇದೆ. ಎರಡೂ ಸೇರಿ ಒಂದು ಪಂಚಾಯತಿನಿಂದ ಆರಂಭಿಸಬಹುದು.

ಆರಂಭಿಸಲು ದೊಡ್ಡ ಅನುದಾನ ಬೇಕಾಗಿಲ್ಲ. ಹಳೆಯ ಅನುದಾನಿತ ಶಾಲೆಗಳ ಕಪಾಟಿನಲ್ಲಿ ದಾಖಲಾತಿ ರಿಜಿಸ್ಟರುಗಳಿವೆ. ಯಾವ ಬೈಲಿನಿಂದ, ಯಾವ ಸಮುದಾಯದಿಂದ, ಯಾವ ವರ್ಷ ಮಕ್ಕಳು ಸೇರಿದರು, ಯಾವ ತರಗತಿಯಲ್ಲಿ ಟಿ.ಸಿ. ತೆಗೆದುಕೊಂಡು ಹೋದರು ಎಂಬುದು ಅದರಲ್ಲಿ ಸಾಲು ಸಾಲಾಗಿ ಸಿಗುತ್ತದೆ. ಅದೇ ಊರಿನ ಕೂಟಗಳಿಗೆ ಬರುವವರ ವಯಸ್ಸನ್ನೂ ಅವರು ಓದಿದ ಮಾಧ್ಯಮವನ್ನೂ ಒಂದು ಋತುವಿನಲ್ಲಿ ಬರೆದಿಟ್ಟುಕೊಂಡು ಈ ರಿಜಿಸ್ಟರುಗಳ ಪಕ್ಕಕ್ಕೆ ಇಟ್ಟರೆ ನನ್ನ ವಾದ ನಿಲ್ಲುತ್ತದೆಯೋ ಬೀಳುತ್ತದೆಯೋ ಗೊತ್ತಾಗುತ್ತದೆ. ಶಾಲಾ ವ್ಯವಸ್ಥಾಪಕರಲ್ಲಿ ನನ್ನದೊಂದು ಕೋರಿಕೆ: ಮಕ್ಕಳಿಲ್ಲವೆಂದು ವಿಭಾಗ ಮುಚ್ಚುವ ದಿನ ಬಂದರೂ ಆ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ. ಮಕ್ಕಳ ಹೆಸರು ಹೊರಬೀಳದಂತೆ ಎಚ್ಚರ ವಹಿಸಿ ಅವುಗಳ ನಕಲು ತೆಗೆಯಲು ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಈ ಬೇಸಗೆ ರಜೆಯಲ್ಲಿಯೇ ಅನುಮತಿ ಕೊಡಿ.